ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಬಾಕ್ಸಿಂಗ್‌ನಲ್ಲಿ 3–2 ಅಂದರೆ ಏನು?

2025ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ವಿಶ್ವ ಬಾಕ್ಸಿಂಗ್ ಚಾಂಪಿಯನ್‌ಷಿಪ್ ನಡೆಯಿತು. ಪುರುಷರ ಮತ್ತು ಮಹಿಳೆಯರ ಸ್ಪರ್ಧೆಗಳು ಒಂದೇ ಕೂಟದಲ್ಲಿ ನಡೆದವು. ಭಾರತದ ಮಹಿಳೆಯರು ಎರಡು ಚಿನ್ನ, ಒಂದು ಬೆಳ್ಳಿ, ಒಂದು ಕಂಚು ತಂದರು. ಪುರುಷರು ಬರಿಗೈಯಲ್ಲಿ ಮರಳಿದರು. ಆ ಕೂಟವನ್ನು ನೋಡಿದ ಓದುಗರು ಮತ್ತು ಮಕ್ಕಳನ್ನು ಬಾಕ್ಸಿಂಗ್‌ಗೆ ಸೇರಿಸಿರುವ ತಂದೆತಾಯಿಗಳು ಬರೆದ ಪತ್ರಗಳಿಂದ ಆಯ್ದ ಪ್ರಶ್ನೆಗಳು ಇಲ್ಲಿವೆ.

ಲಿವರ್‌ಪೂಲ್‌ನ ಫೈನಲ್‌ನಲ್ಲಿ ನೂಪುರ್ ಶಿಯೋರಾನ್ 2–3ರಿಂದ ಸೋತರು ಎಂದು ಓದಿದೆ. ಮೂರು ಸುತ್ತು ಹೊಡೆದಾಡಿ ಬರೀ ಎರಡು ಮೂರು ಅಂಕವೇ? ಟಿ.ವಿ.ಯಲ್ಲಿ ಎಷ್ಟೋ ಸಲ ಹೆಚ್ಚು ಗುದ್ದು ಹಾಕಿದವರೇ ಸೋತ ಹಾಗೆ ಕಾಣುತ್ತದೆ. ಲೆಕ್ಕ ಹೇಗೆ?
— ನಿವೃತ್ತ ಶಿಕ್ಷಕರು, ಹಾಸನ

2–3 ಎಂಬುದು ಅಂಕವಲ್ಲ ಮೇಷ್ಟ್ರೇ, ತೀರ್ಪುಗಾರರ ತಲೆಯೆಣಿಕೆ. ರಿಂಗ್‌ನ ಸುತ್ತ ಐವರು ತೀರ್ಪುಗಾರರು ಬೇರೆಬೇರೆ ದಿಕ್ಕಿನಲ್ಲಿ ಕೂತಿರುತ್ತಾರೆ. ಅವರು ಒಬ್ಬರೊಡನೊಬ್ಬರು ಮಾತಾಡುವ ಹಾಗಿಲ್ಲ. ಇಬ್ಬರ ಲೆಕ್ಕದಲ್ಲಿ ನೂಪುರ್ ಗೆದ್ದಿದ್ದರು, ಮೂವರ ಲೆಕ್ಕದಲ್ಲಿ ಪೋಲೆಂಡಿನ ಅಗಾತಾ ಕಚ್ಮಾರ್‌ಸ್ಕಾ ಗೆದ್ದಿದ್ದರು. ಒಬ್ಬ ತೀರ್ಪುಗಾರರು ಆ ಕಡೆ ವಾಲಿದ್ದಕ್ಕೆ ಚಿನ್ನ ಹೋಯಿತು.

ಒಬ್ಬೊಬ್ಬ ತೀರ್ಪುಗಾರರ ಲೆಕ್ಕ ಹೀಗೆ ನಡೆಯುತ್ತದೆ. ಪಂದ್ಯ ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದೊಂದು ನಿಮಿಷ ಬಿಡುವು. ಮಹಿಳೆಯರಿಗೆ ಮೊದಲು ಎರಡು ನಿಮಿಷದ ನಾಲ್ಕು ಸುತ್ತು ಇತ್ತು, ಈಗ ಇಬ್ಬರಿಗೂ ಒಂದೇ ಅಳತೆ. ಪ್ರತಿ ಸುತ್ತು ಮುಗಿದ ಕೂಡಲೇ ತೀರ್ಪುಗಾರರು ಆ ಸುತ್ತು ಗೆದ್ದವರಿಗೆ 10 ಕೊಡುತ್ತಾರೆ. ಸೋತವರಿಗೆ ಸಾಮಾನ್ಯವಾಗಿ 9, ಸ್ಪಷ್ಟವಾಗಿ ಹಿಂದೆ ಬಿದ್ದಿದ್ದರೆ 8, ಸುತ್ತಿನುದ್ದಕ್ಕೂ ಪೂರ್ತಿ ಸೋತಿದ್ದರೆ 7. ಸುತ್ತನ್ನು ಸಮ ಎಂದು ಬಿಡುವ ಹಾಗಿಲ್ಲ. ಕೂದಲೆಳೆಯ ಅಂತರವಿದ್ದರೂ ಯಾರಿಗಾದರೂ ಒಬ್ಬರಿಗೆ 10 ಕೊಡಲೇಬೇಕು.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಒಂದು ಉದಾಹರಣೆ ಹಿಡಿಯೋಣ. ರಿಂಗ್‌ನಲ್ಲಿ ಒಬ್ಬರದ್ದು ಕೆಂಪು ಮೂಲೆ, ಇನ್ನೊಬ್ಬರದ್ದು ನೀಲಿ. ಮೊದಲ ಸುತ್ತಿನಲ್ಲಿ ಕೆಂಪು ಮೂಲೆಯವರು 22 ಪಂಚ್ ಇಳಿಸಿದರು, ನೀಲಿಯವರು 12. ಎರಡನೆಯದರಲ್ಲಿ ಕೆಂಪು 8, ನೀಲಿ 10. ಮೂರನೆಯದರಲ್ಲಿ ಕೆಂಪು 9, ನೀಲಿ 11. ಒಟ್ಟು ಕೂಡಿಸಿದರೆ ಕೆಂಪು 39, ನೀಲಿ 33. ಆದರೆ ಮೊದಲ ಸುತ್ತು 10–9 ಕೆಂಪಿಗೆ, ಉಳಿದೆರಡು 10–9 ನೀಲಿಗೆ. ಮೊತ್ತ 28–29, ಗೆದ್ದದ್ದು ನೀಲಿ. ಮೊದಲ ಸುತ್ತಿನಲ್ಲಿ ಗಳಿಸಿದ ಹೆಚ್ಚುವರಿ ಎರಡನೇ ಸುತ್ತಿಗೆ ಜಮೆ ಆಗುವುದಿಲ್ಲ. ಪ್ರತಿ ಸುತ್ತೂ ಹೊಸ ಖಾತೆ. ಅದೇ ಮೊದಲ ಸುತ್ತನ್ನು ಒಬ್ಬ ತೀರ್ಪುಗಾರರು 10–8 ಎಂದು ಬರೆದಿದ್ದರೆ ಮೊತ್ತ 28–28 ಆಗುತ್ತದೆ. ಆಗ ಗೆದ್ದವರು ಯಾರೆಂದು ಆ ತೀರ್ಪುಗಾರರೇ ಆರಿಸಬೇಕು. ಒಂದೇ ಪಂದ್ಯಕ್ಕೆ ಐವರಿಂದ ಐದು ಥರದ ಅಂಕದ ಚೀಟಿ ಬರುವುದು ಹೀಗೆ. ಹಾಗೆ ಬಂದಾಕ್ಷಣ ಮೋಸ ನಡೆದಿದೆ ಎನ್ನುವಂತಿಲ್ಲ.

ಇನ್ನು, ಟಿ.ವಿ.ಯಲ್ಲಿ ಗುದ್ದು ಎಂದು ಕಾಣುವುದೆಲ್ಲ ಗುದ್ದಲ್ಲ. ಮುಚ್ಚಿದ ಮುಷ್ಟಿಯ ಗೆಣ್ಣಿನ ಭಾಗ ತಾಗಬೇಕು. ತಾಗುವ ಜಾಗ ತಲೆಯ ಮುಂಭಾಗ, ಪಕ್ಕ, ಅಥವಾ ಬೆಲ್ಟಿನ ಮೇಲಿನ ಮೈ ಆಗಿರಬೇಕು. ಎದುರಾಳಿಯ ತೋಳಿಗೆ, ಗ್ಲೌಸ್‌ಗೆ ಬಡಿದದ್ದು ಸದ್ದು ಮಾಡುತ್ತದೆ, ಪ್ರೇಕ್ಷಕರನ್ನು ಎಬ್ಬಿಸುತ್ತದೆ, ಅಂಕ ತರುವುದಿಲ್ಲ. ಒಳಗೈಯಿಂದ ತಟ್ಟಿದರೂ ಅಷ್ಟೆ. ಶುದ್ಧ ಪಂಚ್ ಬಿದ್ದಾಗ ಎದುರಾಳಿಯ ತಲೆ ಹಿಂದಕ್ಕೆ ಹೋಗುತ್ತದೆ ಅಥವಾ ಕಾಲು ನಿಂತುಬಿಡುತ್ತದೆ. ಮುಂದಿನ ಸಲ ಹೊಡೆಯುವವರ ಕೈ ಬಿಟ್ಟು ಹೊಡೆಸಿಕೊಳ್ಳುವವರ ತಲೆ ನೋಡಿ, ಸುತ್ತು ಯಾರದ್ದೆಂದು ಬೇಗ ತಿಳಿಯುತ್ತದೆ. ಇನ್ನೊಂದು ಮಾತು: ವೃತ್ತಿಪರ ಬಾಕ್ಸಿಂಗ್‌ನಲ್ಲಿ ನೆಲಕ್ಕೆ ಕೆಡವಿದರೆ ಸುತ್ತು ಹೆಚ್ಚಾಗಿ 10–8 ಆಗುತ್ತದೆ. ಇಲ್ಲಿ ಬಿದ್ದ ಮಾತ್ರಕ್ಕೆ ಅಂಕ ಹೋಗುವುದಿಲ್ಲ, ಇಡೀ ಸುತ್ತು ಹೇಗಿತ್ತು ಎಂದು ನೋಡುತ್ತಾರೆ.

ಮೊದಲು ಕಂಪ್ಯೂಟರ್ ಬಟನ್ ಒತ್ತಿ ಅಂಕ ಕೊಡುತ್ತಿದ್ದರಲ್ಲ, ಅದನ್ನು ಯಾಕೆ ತೆಗೆದರು? ಯಂತ್ರವೇ ನ್ಯಾಯವಲ್ಲವೇ?
— ಓದುಗರು, ಧಾರವಾಡ

1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ ಜೂನಿಯರ್ ಎದ್ದು ಕಾಣುವಂತೆ ಮೇಲುಗೈ ಸಾಧಿಸಿದರೂ ಕೊರಿಯದ ಪಾರ್ಕ್ ಸಿ-ಹುನ್ 3–2ರಿಂದ ಗೆದ್ದರೆಂದು ಘೋಷಿಸಿದರು. ಆ ಗಲಾಟೆಯ ಬಳಿಕ ಬಂದದ್ದೇ ಬಟನ್ ವ್ಯವಸ್ಥೆ, ಒಲಿಂಪಿಕ್ಸ್‌ನಲ್ಲಿ 1992ರ ಬಾರ್ಸಿಲೋನಾದಿಂದ. ಐವರಲ್ಲಿ ಮೂವರು ಒಂದು ಸೆಕೆಂಡಿನ ಒಳಗೆ ಒಂದೇ ಬಣ್ಣದ ಬಟನ್ ಒತ್ತಿದರೆ ಒಂದು ಅಂಕ.

ಕೇಳಲು ಚೆನ್ನಾಗಿದೆ, ಆದರೆ ಆಟವೇ ಕೆಟ್ಟಿತು. ಹತ್ತಿರ ನಿಂತು ಹೊಟ್ಟೆಗೆ ಪಟಪಟನೆ ಹಾಕುವ ಮೂರು ನಾಲ್ಕು ಗುದ್ದು ಮೂವರಿಗೆ ಒಟ್ಟಿಗೆ ಕಾಣುವುದೇ ಅಪರೂಪ. ಕಂಡರೂ ಬೆರಳು ಒಂದು ಸೆಕೆಂಡಿನಲ್ಲಿ ಹೊಂದುವುದಿಲ್ಲ. ಹಾಗಾಗಿ ದೇಹಕ್ಕೆ ಹೊಡೆಯುವುದನ್ನು ಬಾಕ್ಸರ್‌ಗಳು ಬಿಟ್ಟೇಬಿಟ್ಟರು. ದೂರದಿಂದ ನೇರವಾಗಿ ಒಂದು ಮುಟ್ಟಿಸಿ, ಎರಡು ಅಂಕ ಮುಂದೆ ಬಂದ ಮೇಲೆ ಓಡಾಡಿಕೊಂಡು ಗಡಿಯಾರ ನೋಡುವುದೇ ತಂತ್ರವಾಯಿತು. 2013ರಲ್ಲಿ ಅದನ್ನು ಕೈಬಿಟ್ಟು ಈಗಿನ 10 ಅಂಕದ ಪದ್ಧತಿಗೆ ಬಂದರು. ಆದರೆ ಆಗ ಐವರು ಬರೆದರೂ ಯಂತ್ರ ಆರಿಸಿದ ಮೂವರದ್ದನ್ನಷ್ಟೇ ಎಣಿಸುತ್ತಿದ್ದರು. 2016ರ ರಿಯೊದಲ್ಲಿ ಮತ್ತೆ ದೊಡ್ಡ ವಿವಾದಗಳಾಗಿ, ಅಲ್ಲಿ ಕೆಲಸ ಮಾಡಿದ 36 ರೆಫ್ರಿ ಮತ್ತು ತೀರ್ಪುಗಾರರನ್ನೂ ಪಕ್ಕಕ್ಕಿಟ್ಟರು. ಆಮೇಲೆ ಐವರ ಚೀಟಿಯೂ ಲೆಕ್ಕಕ್ಕೆ ಬಂತು. ಇಂದಿನ ಪದ್ಧತಿಯಲ್ಲೂ ತಪ್ಪಾಗುತ್ತದೆ. ಆದರೆ ಯಾವ ತೀರ್ಪುಗಾರರು ಯಾವ ಸುತ್ತಿಗೆ ಏನು ಬರೆದರು ಎಂಬುದು ಬಯಲಾಗುತ್ತದೆ, ತಪ್ಪು ಮಾಡಿದವರನ್ನು ಹಿಡಿಯಬಹುದು. ಬಟನ್ ಕಾಲದಲ್ಲಿ ಅದು ಸುಲಭವಿರಲಿಲ್ಲ.

ರೆಫ್ರಿ ಬೆರಳು ತೋರಿಸಿ ಎಚ್ಚರಿಸುವುದಕ್ಕೂ, ತೀರ್ಪುಗಾರರ ಕಡೆ ತಿರುಗಿ ಸನ್ನೆ ಮಾಡುವುದಕ್ಕೂ ವ್ಯತ್ಯಾಸವಿದೆಯೇ?
— ಪಿ.ಯು. ವಿದ್ಯಾರ್ಥಿ, ರಾಯಚೂರು

ಇದೆ, ಬಹಳ ಇದೆ. ಮೊದಲನೆಯದು ಬರೀ ಬುದ್ಧಿಮಾತು. ಅಂಕ ಹೋಗುವುದಿಲ್ಲ. ಎರಡನೆಯದು ಅಧಿಕೃತ ವಾರ್ನಿಂಗ್. ಪಂದ್ಯ ನಿಲ್ಲಿಸಿ, ತಪ್ಪು ಮಾಡಿದವರನ್ನು ತೋರಿಸಿ ಕೊಡುವಂಥದ್ದು. ಐವರ ಚೀಟಿಯಿಂದಲೂ ಒಂದೊಂದು ಅಂಕ ಕಳೆಯುತ್ತದೆ. ಮೂರನೇ ವಾರ್ನಿಂಗ್‌ಗೆ ಅನರ್ಹ.

ಒಂದು ಅಂಕ ತಾನೇ ಎನ್ನಬೇಡಿ. ಕೆಂಪು ಮೂಲೆಯವರು ಮೂವರ ಚೀಟಿಯಲ್ಲಿ 29–28 ಮುಂದಿದ್ದಾರೆ, ಇಬ್ಬರದ್ದರಲ್ಲಿ 28–29 ಹಿಂದಿದ್ದಾರೆ ಎಂದುಕೊಳ್ಳಿ. 3–2 ಗೆಲುವು ಕೈಯಲ್ಲಿದೆ. ಕೊನೆಯ ಅರ್ಧ ನಿಮಿಷದಲ್ಲಿ ಎದುರಾಳಿಯ ಕುತ್ತಿಗೆ ತಬ್ಬಿ ಹಿಡಿದು ಒಂದು ವಾರ್ನಿಂಗ್ ತಂದುಕೊಂಡರು. ಮೂರು ಚೀಟಿ 28–28ಕ್ಕೆ ಇಳಿಯಿತು, ಉಳಿದೆರಡು 27–29. ಈಗ ನೀಲಿಗೆ ಎರಡು ಖಾತ್ರಿ. ಸಮವಾದ ಮೂವರಲ್ಲಿ ಒಬ್ಬರು ನೀಲಿಯ ಹೆಸರು ಆರಿಸಿದರೂ ಸಾಕು, ಕೈಯಲ್ಲಿದ್ದ ಗೆಲುವು ಜಾರಿತು.

ಹೆಚ್ಚಾಗಿ ವಾರ್ನಿಂಗ್ ತರುವ ತಪ್ಪುಗಳು ಇವು: ತಬ್ಬಿ ಹಿಡಿಯುವುದು, ತಲೆ ಬಗ್ಗಿಸಿ ನುಗ್ಗುವುದು, ಬೆಲ್ಟಿನ ಕೆಳಗೆ ಅಥವಾ ಹಿಂದಲೆಗೆ ಹೊಡೆಯುವುದು, ಒಳಗೈಯಿಂದ ಬಾರಿಸುವುದು. ಎತ್ತರದ ಎದುರಾಳಿ ಸಿಕ್ಕಾಗ ಕುಳ್ಳಗಿನವರು ತಲೆ ಮುಂದಿಟ್ಟು ನುಗ್ಗುತ್ತಾರೆ, ನೋಟ ನೆಲಕ್ಕೆ ಹೋಗುತ್ತದೆ, ಅದೇ ತಪ್ಪಿನ ಮೂಲ. ಮೊಣಕಾಲು ಬಗ್ಗಿಸಿ ಕೆಳಗಿಳಿದು, ಕಣ್ಣು ಎದುರಾಳಿಯ ಎದೆಯ ಮೇಲಿಟ್ಟು ಒಳಗೆ ಹೋಗುವುದನ್ನು ಅಭ್ಯಾಸ ಮಾಡಿ.

ರೆಫ್ರಿಯ ಮೂರು ಆಜ್ಞೆಗಳನ್ನೂ ಕಿವಿಗೆ ಹಾಕಿಕೊಳ್ಳಿ: ‘ಸ್ಟಾಪ್’ ಅಂದರೆ ನಿಲ್ಲಿಸು, ‘ಬಾಕ್ಸ್’ ಅಂದರೆ ಆಡು, ‘ಬ್ರೇಕ್’ ಅಂದರೆ ಬಿಡಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ಆಮೇಲೆ ಆಡು. ‘ಬ್ರೇಕ್’ ಕೇಳಿದ ಮೇಲೆ ಹಿಂದೆ ಸರಿಯದೆ ಅಲ್ಲಿಂದಲೇ ಹೊಡೆಯುವುದು ಹೊಸಬರ ಸಾಮಾನ್ಯ ತಪ್ಪು.

ನನ್ನ ಮಗಳಿಗೆ 16 ವರ್ಷ. ತೂಕ 59.4 ಕೆ.ಜಿ. ಐದು ದಿನದಲ್ಲಿ ರಾಜ್ಯಮಟ್ಟದ ಕೂಟವಿದೆ. 57 ಕೆ.ಜಿ.ಯಲ್ಲಿ ಆಡಿದರೆ ಪದಕ ಸುಲಭ, ಎರಡು ದಿನ ನೀರು ಬಿಟ್ಟು ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡಲಿ ಎನ್ನುತ್ತಿದ್ದಾರೆ. ಒಪ್ಪಬಹುದೇ?
— ಒಬ್ಬ ತಾಯಿ, ಶಿವಮೊಗ್ಗ

ಬೇಡ ತಾಯಿ. ಯಾರು ಹೇಳಿದರೂ ಒಪ್ಪಬೇಡಿ. ನಿಮ್ಮ ಮಗಳು 57ಕ್ಕಿಂತ ಮೇಲೆ, 60ಕ್ಕಿಂತ ಕೆಳಗೆ ಇದ್ದಾಳೆ. ಅವಳ ವಿಭಾಗ 60 ಕೆ.ಜಿ. ಅದರಲ್ಲೇ ಆಡಲಿ.

ಕಾರಣ ಹೇಳುತ್ತೇವೆ. ಐದು ದಿನದಲ್ಲಿ 2.4 ಕೆ.ಜಿ. ಇಳಿಸಿದರೆ ಹೋಗುವುದು ಕೊಬ್ಬಲ್ಲ, ನೀರು. ನೀರು ಕಡಿಮೆಯಾದ ಮೈಯಲ್ಲಿ ಎದೆಬಡಿತ ಏರುತ್ತದೆ, ಕಣ್ಣು ಮಂಜಾಗುತ್ತದೆ, ಎದುರಿನ ಗುದ್ದು ಕಂಡರೂ ತಲೆ ಸರಿಸುವುದು ತಡವಾಗುತ್ತದೆ. ಬೆವರು ಆರದಂತೆ ಪ್ಲಾಸ್ಟಿಕ್ ಕಟ್ಟಿಕೊಂಡು ಓಡಿದರೆ ಮೈಯ ಬಿಸಿ ಹೊರಹೋಗಲು ದಾರಿಯಿಲ್ಲ. ಕುಸ್ತಿಯಲ್ಲಿ, ಬಾಕ್ಸಿಂಗ್‌ನಲ್ಲಿ ತೂಕ ಇಳಿಸಲು ಹೋಗಿ ಜೀವ ಕಳೆದುಕೊಂಡ ಪ್ರಕರಣಗಳಿವೆ. ಬೆಳೆಯುವ ವಯಸ್ಸಿನ ಹುಡುಗಿಯರಲ್ಲಿ ಊಟ ಕಡಿತ ಮುಂದುವರಿದರೆ ಮುಟ್ಟು ಏರುಪೇರಾಗುತ್ತದೆ, ಮೂಳೆ ಸೊರಗುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ತೂಕ ನೋಡುವುದು ಒಂದೇ ದಿನವಲ್ಲ. ಕೂಟದ ಮೊದಲ ದಿನ ಎಲ್ಲರ ತೂಕ ನೋಡುತ್ತಾರೆ. ಆಮೇಲೆ ಯಾವ ಯಾವ ದಿನ ಪಂದ್ಯವಿದೆಯೋ ಆ ಬೆಳಿಗ್ಗೆ ಮತ್ತೆ ನೋಡುತ್ತಾರೆ. ಮೊದಲ ದಿನ ಹಿಂಡಿ ಇಳಿಸಿದ್ದನ್ನು ಫೈನಲ್ ತನಕ ಹಾಗೇ ಹಿಡಿದಿಡಬೇಕು. ಪಂದ್ಯದ ದಿನ ಹೆಚ್ಚು ಬಂದರೆ ರಿಂಗ್ ಹತ್ತದೆಯೇ ಎದುರಾಳಿಗೆ ವಾಕ್‌ಓವರ್. 2024ರ ಪ್ಯಾರಿಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಫೈನಲ್ ದಿನದ ಬೆಳಿಗ್ಗೆ 100 ಗ್ರಾಂ ಹೆಚ್ಚಾಗಿ ಹೊರಬಿದ್ದದ್ದು ನೆನಪಿರಬಹುದು. ಬಾಕ್ಸಿಂಗ್‌ನಲ್ಲೂ ತಕ್ಕಡಿಗೆ ದಯೆಯಿಲ್ಲ.

ಮುಂದಿನ ವರ್ಷಕ್ಕೆ ನಿಜವಾಗಿ 57 ಬೇಕು, ವೈದ್ಯರೂ ಅಡ್ಡಿಯಿಲ್ಲ ಎಂದರು ಅನ್ನಿ. ಆಗ ವಾರಕ್ಕೆ ಅರ್ಧ ಕೆ.ಜಿ.ಗಿಂತ ಹೆಚ್ಚು ಇಳಿಸಬಾರದು. 2.4 ಕೆ.ಜಿ.ಗೆ ಕನಿಷ್ಠ ಐದು ವಾರ, ಕೈಯಲ್ಲಿ ಒಂದು ವಾರ ಹೆಚ್ಚುವರಿ ಇಟ್ಟುಕೊಳ್ಳಿ. ನೀರು ಕಡಿತ ಬೇಡವೇ ಬೇಡ. ಕರಿದದ್ದು, ಬೇಕರಿ ತಿಂಡಿ, ಸಕ್ಕರೆ ಹಾಕಿದ ಪಾನೀಯ ಬಿಡಿಸಿ. ಮೊಟ್ಟೆ, ಬೇಳೆ, ಮೊಳಕೆಕಾಳು, ಮೊಸರು ಬಿಡಿಸಬೇಡಿ. ತೂಕ ನೋಡುವುದು ಬೆಳಿಗ್ಗೆ ಎದ್ದು ಶೌಚ ಮುಗಿಸಿದ ಮೇಲೆ, ಒಂದೇ ತಕ್ಕಡಿಯಲ್ಲಿ, ಗಟ್ಟಿ ನೆಲದ ಮೇಲೆ. ಚಾಪೆಯ ಮೇಲಿಟ್ಟ ತಕ್ಕಡಿ ಸುಳ್ಳು ಹೇಳುತ್ತದೆ. ಮನೆಯ ತಕ್ಕಡಿಯನ್ನು ನಂಬಿ ಹೊರಡಬೇಡಿ, ಕೂಟದ ಜಾಗದಲ್ಲಿ ಪರೀಕ್ಷೆಗೆ ಇಟ್ಟಿರುವ ತಕ್ಕಡಿಯಲ್ಲಿ ಹಿಂದಿನ ಸಂಜೆಯೇ ಒಮ್ಮೆ ನಿಲ್ಲಿಸಿ.

ತೂಕ ಮುಗಿದು ಮೊದಲ ಪಂದ್ಯ ಶುರುವಾಗಲು ಕಡಿಮೆಯೆಂದರೆ ಮೂರು ಗಂಟೆ ಇರುತ್ತದೆ. ಇಳಿದ ಕೂಡಲೇ ಒಂದೇ ಸಲ ಬಿರಿಯಾನಿ ತಿನ್ನಿಸಿದರೆ ರಿಂಗ್‌ನಲ್ಲಿ ವಾಂತಿ. ಮೊದಲು ಓಆರ್‌ಎಸ್ ನೀರು ಗುಟುಕು ಗುಟುಕಾಗಿ, ಅರ್ಧ ಗಂಟೆ ಬಿಟ್ಟು ಬಾಳೆಹಣ್ಣು ಅಥವಾ ತೆಳ್ಳಗಿನ ರಾಗಿ ಗಂಜಿ, ಆಮೇಲೆ ಎರಡು ಇಡ್ಲಿ ಅಥವಾ ಮೊಸರನ್ನ. ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ ಊಟ ನಿಲ್ಲಿಸಿ.

ಲಿವರ್‌ಪೂಲ್‌ನಲ್ಲಿ ಗೆದ್ದ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ‘ಒಲಿಂಪಿಕ್ ವಿಭಾಗದ ಪದಕ’ ಎಂದು ಬರೆದಿದ್ದರು. ಉಳಿದವರದ್ದು ಕಡಿಮೆಯೇ? ಸೆಮಿಫೈನಲ್ ಸೋತವರಿಗೂ ಕಂಚು ಕೊಡುವುದು ಯಾಕೆ?
— ಓದುಗರು, ಮಂಗಳೂರು

ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಈಗ ಪುರುಷರಿಗೂ ಮಹಿಳೆಯರಿಗೂ ಹತ್ತು ಹತ್ತು ವಿಭಾಗ. ಪುರುಷರಿಗೆ 50 ಕೆ.ಜಿ.ಯಿಂದ 90ರ ತನಕ ಐದೈದು ಕೆ.ಜಿ. ಅಂತರ, ಅದರ ಮೇಲೆ 90+. ಮಹಿಳೆಯರಿಗೆ 48, 51, 54, 57, 60, 65, 70, 75, 80 ಮತ್ತು 80+. ಒಲಿಂಪಿಕ್ಸ್‌ನಲ್ಲಿ ಅಷ್ಟು ಜಾಗವಿಲ್ಲ. 2028ರ ಲಾಸ್ ಏಂಜಲೀಸ್‌ನಲ್ಲಿ ಇಬ್ಬರಿಗೂ ಏಳೇಳು. ಜೈಸ್ಮಿನ್ ಲಂಬೋರಿಯಾ ಚಿನ್ನ ಗೆದ್ದ 57 ಕೆ.ಜಿ. ಅಲ್ಲಿದೆ. ಮೀನಾಕ್ಷಿ ಹೂಡಾ ಚಿನ್ನ ಗೆದ್ದ 48, ಪೂಜಾ ರಾಣಿ ಕಂಚು ಗೆದ್ದ 80, ನೂಪುರ್ ಬೆಳ್ಳಿ ಗೆದ್ದ 80+ ಅಲ್ಲಿಲ್ಲ.

ಪದಕದ ಬೆಲೆ ಕಡಿಮೆಯಲ್ಲ, ದಾರಿಯ ಉದ್ದ ಬೇರೆ. ಒಲಿಂಪಿಕ್ ವಿಭಾಗಗಳಿಗೆ ದೇಶಗಳು ತಮ್ಮ ಗಟ್ಟಿಗರನ್ನು ಕಳಿಸುತ್ತವೆ, ಸಂಖ್ಯೆಯೂ ಹೆಚ್ಚು. ಒಂದು ವಿಭಾಗದಲ್ಲಿ 19 ಮಂದಿ ಇದ್ದರೆ ಮೊದಲ ಸುತ್ತಿನಲ್ಲಿ ಆರು ಜನ ಮೂರು ಪಂದ್ಯ ಆಡುತ್ತಾರೆ, 13 ಮಂದಿಗೆ ಬೈ, ಅಂದರೆ ಆಡದೆಯೇ ಮುಂದಿನ ಸುತ್ತು. ಉಳಿದ 16ರಿಂದ ಲೆಕ್ಕ ಮುಂದುವರಿಯುತ್ತದೆ. ಬೈ ಸಿಗದವರು ಚಿನ್ನಕ್ಕೆ ಐದು ಪಂದ್ಯ ಗೆಲ್ಲಬೇಕು. ಭಾರದ ವಿಭಾಗಗಳಲ್ಲಿ ಹೆಸರು ಕೊಟ್ಟವರೇ ಕಡಿಮೆ ಇದ್ದರೆ ಒಂದು ಗೆಲುವಿಗೇ ಸೆಮಿಫೈನಲ್, ಅಂದರೆ ಪದಕ ಖಚಿತ. ಆದ್ದರಿಂದ ಪದಕಪಟ್ಟಿ ನೋಡುವಾಗ ಯಾವ ವಿಭಾಗ, ಎಷ್ಟು ಪಂದ್ಯ ಎಂದು ಕೇಳಿ. ಜೈಸ್ಮಿನ್ ಫೈನಲ್‌ನಲ್ಲಿ 4–1ರಿಂದ ಮಣಿಸಿದ್ದು ಪೋಲೆಂಡಿನ ಯೂಲಿಯಾ ಶೆರೆಮೆತಾ ಅವರನ್ನು, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದೇ ತೂಕದಲ್ಲಿ ಬೆಳ್ಳಿ ಗೆದ್ದವರನ್ನು. ಅದು ದೊಡ್ಡ ಗೆಲುವು.

ಈ ತೂಕದ ಕಷ್ಟ ಹೊಸದಲ್ಲ. ಮೇರಿ ಕೋಮ್ ಆರು ಸಲ ವಿಶ್ವ ಚಾಂಪಿಯನ್ ಆದದ್ದು (2002, 2005, 2006, 2008, 2010, 2018) 45, 46, 48 ಕೆ.ಜಿ. ವಿಭಾಗಗಳಲ್ಲಿ. 2012ರ ಲಂಡನ್‌ನಲ್ಲಿ ಮಹಿಳಾ ಬಾಕ್ಸಿಂಗ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಾಗ ಇದ್ದದ್ದು ಮೂರೇ ತೂಕ: 51, 60, 75. ಅವರು 51ಕ್ಕೆ ಏರಿ, ತಮಗಿಂತ ಎತ್ತರದ, ಮೈಕಟ್ಟಿನ ಎದುರಾಳಿಗಳ ಜೊತೆ ಆಡಿ ಕಂಚು ತಂದರು. ಆ ಕಂಚನ್ನು ಅಳೆಯುವಾಗ ಈ ಮೂರು ಕೆ.ಜಿ.ಯನ್ನೂ ಸೇರಿಸಿ ಅಳೆಯಬೇಕು.

ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು ಕೊಡುವುದಕ್ಕೆ ಕಾರಣ ಸರಳ. ಏಟು ತಿಂದು ಸೋತವರನ್ನು ಮೂರನೇ ಸ್ಥಾನಕ್ಕಾಗಿ ಮತ್ತೆ ರಿಂಗ್‌ಗೆ ಹತ್ತಿಸುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ಅಭ್ಯಾಸದ ಮೂರನೇ ವಾರದಿಂದ ಹೆಬ್ಬೆರಳ ಬುಡ ನೋಯುತ್ತಿದೆ. ಬ್ಯಾಂಡೇಜ್ ಸರಿಯಾಗಿ ಕಟ್ಟುತ್ತಿಲ್ಲ ಎನ್ನುತ್ತಾರೆ. ಕಟ್ಟುವ ಕ್ರಮ ಹೇಳುವಿರಾ?
— ಬಾಕ್ಸಿಂಗ್ ಕಲಿಯುತ್ತಿರುವ ಯುವಕ, ತೋರಣಗಲ್ಲು

ಬಟ್ಟೆಯ ಬ್ಯಾಂಡೇಜ್‌ನ ಉದ್ದ 2.5ರಿಂದ 4.5 ಮೀಟರ್, ಅಗಲ 5.7 ಸೆಂ.ಮೀ. ಎಂಬುದು ಸ್ಪರ್ಧೆಯ ಅಳತೆ. ದೊಡ್ಡವರ ಕೈಗೆ 4.5 ಮೀಟರ್‌ನದ್ದೇ ಬೇಕು. ಮೊದಲು ಅದನ್ನು ಬಿಗಿಯಾಗಿ ಸುರುಳಿ ಸುತ್ತಿಟ್ಟುಕೊಳ್ಳಿ, ಸಡಿಲ ಸುರುಳಿಯಿಂದ ಕಟ್ಟಿದರೆ ನಿರಿಗೆ ಬೀಳುತ್ತದೆ.

ಬೆರಳುಗಳನ್ನು ಅಗಲಿಸಿ, ಕೈ ಚಾಚಿ ಹಿಡಿಯಿರಿ. ಕುಣಿಕೆಯನ್ನು ಹೆಬ್ಬೆರಳಿಗೆ ಹಾಕಿ, ಪಟ್ಟಿಯನ್ನು ಕೈಯ ಹಿಂಬದಿಯಿಂದ ಒಯ್ಯಿರಿ. ಒಳಗೈ ಕಡೆಯಿಂದ ಒಯ್ದರೆ ಮುಷ್ಟಿ ಕಟ್ಟಿದಾಗ ಸಡಿಲವಾಗುತ್ತದೆ. ಮಣಿಕಟ್ಟಿಗೆ ಮೂರು ಸುತ್ತು, ಪ್ರತಿ ಸುತ್ತೂ ಹಿಂದಿನದ್ದರ ಅರ್ಧ ಮುಚ್ಚುವಂತೆ. ಅಲ್ಲಿಂದ ಓರೆಯಾಗಿ ಮೇಲೇರಿ ಗೆಣ್ಣುಗಳ ಮೇಲೆ ಮೂರು ಸುತ್ತು. ಮತ್ತೆ ಮಣಿಕಟ್ಟಿಗೆ ಇಳಿದು, ಕಿರುಬೆರಳು–ಉಂಗುರ ಬೆರಳಿನ ನಡುವೆ, ಉಂಗುರ–ನಡುಬೆರಳಿನ ನಡುವೆ, ನಡು–ತೋರುಬೆರಳಿನ ನಡುವೆ ಒಂದೊಂದು ಸಲ ಹಾಯಿಸಿ, ಪ್ರತಿ ಸಲವೂ ಮಣಿಕಟ್ಟಿಗೆ ಮರಳಿ. ಆಮೇಲೆ ಹೆಬ್ಬೆರಳ ಬುಡಕ್ಕೆ ಒಂದು ಪೂರ್ತಿ ಸುತ್ತು ಹಾಕಿ, ಹಿಂಬದಿಯಿಂದ ಎಳೆದು ಅಂಗೈಗೆ ಲಾಕ್ ಮಾಡಿ. ನಿಮ್ಮಲ್ಲಿ ತಪ್ಪಿಹೋಗುತ್ತಿರುವುದು ಬಹುಶಃ ಈ ಸುತ್ತು. ಉಳಿದದ್ದನ್ನು ಗೆಣ್ಣಿಗೆ ಒಂದೆರಡು ಸುತ್ತು ಕೊಟ್ಟು ಮಣಿಕಟ್ಟಿನಲ್ಲಿ ಮುಗಿಸಿ.

ಮುಷ್ಟಿ ಬಿಗಿದು ನೋಡಿ. ಬಿಗಿದಾಗ ಗಟ್ಟಿ, ಬಿಟ್ಟಾಗ ಹಗುರ ಅನಿಸಬೇಕು. ಬೆರಳ ತುದಿ ಜೋಮು ಹಿಡಿದರೆ, ಬಣ್ಣ ಬದಲಾದರೆ ಬಿಚ್ಚಿ ಮತ್ತೆ ಕಟ್ಟಿ. ಬೆರಳು ಮಡಿಚಿಕೊಂಡೇ ಕಟ್ಟಿಸಿಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಅಭ್ಯಾಸ ಮುಗಿದ ಕೂಡಲೇ ಒಗೆದು ಒಣಗಿಸಿ. ಬೆವರಿಗೆ ಬಿರುಸಾದ ಪಟ್ಟಿ ಚರ್ಮ ಕೀಳುತ್ತದೆ.

ಆದರೆ ನೋವಿಗೆ ಬ್ಯಾಂಡೇಜ್ ಒಂದೇ ಕಾರಣವಿರಲಾರದು. ಹುಕ್ (ಕೈ ಬಾಗಿಸಿ ಪಕ್ಕದಿಂದ ಹಾಕುವ ಗುದ್ದು) ಹೊಡೆಯುವಾಗ ಹೆಬ್ಬೆರಳು ಹೊರಚಾಚಿದ್ದರೆ ಅದೇ ಮೊದಲು ಬ್ಯಾಗಿಗೆ ತಾಗುತ್ತದೆ. ಹೆಬ್ಬೆರಳು ತೋರು ಮತ್ತು ನಡುಬೆರಳಿನ ಮೇಲೆ ಅಡ್ಡ ಮಡಿಚಿರಬೇಕು. ತಾಗುವುದು ಆ ಎರಡು ಬೆರಳಿನ ಗೆಣ್ಣು, ಮಣಿಕಟ್ಟು ಮುಂಗೈಯ ನೇರಕ್ಕೆ. ಇನ್ನೊಂದು ಪರೀಕ್ಷೆ ಮಾಡಿ: ಹೆಬ್ಬೆರಳನ್ನು ಮೇಲೆತ್ತಿದಾಗ ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಸಣ್ಣ ಕುಳಿ ಕಾಣುತ್ತದೆ. ಅಲ್ಲಿ ಒತ್ತಿದರೆ ಜೀವ ಹೋಗುವಷ್ಟು ನೋವಾದರೆ ಸ್ಕ್ಯಾಫಾಯ್ಡ್ ಎಂಬ ಸಣ್ಣ ಮೂಳೆ ಬಿರಿದಿರಬಹುದು. ಆ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ‘ಎಕ್ಸ್‌ರೇ ಸರಿಯಿದೆ’ ಎಂದು ಮತ್ತೆ ಹೊಡೆಯಲು ಹೋಗಬೇಡಿ. ಕೈ ಕಟ್ಟಿಸಿಕೊಂಡು 10–14 ದಿನದ ಬಳಿಕ ಮರುಪರೀಕ್ಷೆ ಮಾಡಿಸಿ. ಅದಕ್ಕೆ ರಕ್ತ ಹರಿಯುವುದೇ ಕಡಿಮೆ, ಅಲಕ್ಷ್ಯ ಮಾಡಿದರೆ ಕೂಡಿಕೊಳ್ಳುವುದೇ ಇಲ್ಲ.

ಗಂಡಸರು ಹೆಡ್‌ಗಾರ್ಡ್ ಇಲ್ಲದೆ, ಹೆಂಗಸರು ಹಾಕಿಕೊಂಡು ಆಡುತ್ತಾರೆ. ಗಂಡಸರ ತಲೆ ಗಟ್ಟಿಯೇ?
— ಗೃಹಿಣಿ, ಮೈಸೂರು

2013ರಿಂದ ಹಿರಿಯರ ಅಂತರರಾಷ್ಟ್ರೀಯ ಕೂಟಗಳಲ್ಲಿ ಪುರುಷರಿಗೆ ಹೆಡ್‌ಗಾರ್ಡ್ ತೆಗೆದರು. ಹೆಡ್‌ಗಾರ್ಡ್ ಹುಬ್ಬು ಹರಿಯುವುದನ್ನು, ಕಿವಿ ಊದುವುದನ್ನು ತಡೆಯುತ್ತದೆ. ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಮೇಲಾಗಿ ಪಕ್ಕದ ನೋಟ ಕುಗ್ಗಿಸುತ್ತದೆ, ತಲೆಯ ಗಾತ್ರ ಹಿಗ್ಗಿಸುತ್ತದೆ, ‘ನನಗೇನಾಗದು’ ಎಂಬ ಧೈರ್ಯ ಕೊಡುತ್ತದೆ. ತೆಗೆದರೆ ಮಿದುಳಿನ ಪೆಟ್ಟು ಕಡಿಮೆಯಾಗುತ್ತದೆ ಎಂಬುದು ಆಗ ಈ ಆಟವನ್ನು ನಡೆಸುತ್ತಿದ್ದ ಅಂತರರಾಷ್ಟ್ರೀಯ ಸಂಸ್ಥೆಯ ವಾದ. ಮುಖದ ಗಾಯಗಳಂತೂ ಹೆಚ್ಚಾದವು. ಮಹಿಳೆಯರ ಬಗ್ಗೆ ಸಾಕಷ್ಟು ಅಧ್ಯಯನ ಆಗಿಲ್ಲವೆಂದು ಅವರಿಗೆ ಉಳಿಸಿಕೊಂಡರು. ಕಿರಿಯರಿಗೂ ಕಡ್ಡಾಯ. ಅಭ್ಯಾಸದಲ್ಲಂತೂ ಗಂಡು ಹೆಣ್ಣೆನ್ನದೆ ಎಲ್ಲರೂ ಹಾಕಲೇಬೇಕು.

ಹೆಡ್‌ಗಾರ್ಡ್‌ಗಿಂತ ಹೆಚ್ಚು ಜೀವ ಕಾಯುವುದು ರೆಫ್ರಿ ಆಟ ನಿಲ್ಲಿಸಿ ಒಂದರಿಂದ ಎಂಟರ ತನಕ ಎಣಿಸುವ ಎಣಿಕೆ. ಬಾಕ್ಸರ್ ಬೀಳಬೇಕೆಂದೇನಿಲ್ಲ, ನಿಂತಲ್ಲೇ ಕಂಗೆಟ್ಟಂತೆ ಕಂಡರೂ ಎಣಿಸುತ್ತಾರೆ. ಒಂದು ಸುತ್ತಿನಲ್ಲಿ ಮೂರು ಅಥವಾ ಇಡೀ ಪಂದ್ಯದಲ್ಲಿ ನಾಲ್ಕು ಎಣಿಕೆಯಾದರೆ ಪಂದ್ಯ ನಿಲ್ಲುತ್ತದೆ. ತಲೆಗೆ ಬಿದ್ದ ಏಟಿನಿಂದ ಹಾಗೆ ನಿಂತರೆ ಕನಿಷ್ಠ 30 ದಿನ ರಿಂಗ್ ಹತ್ತುವಂತಿಲ್ಲ. ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು ಪ್ರಜ್ಞೆ ತಪ್ಪಿದ್ದರೆ 90 ದಿನ, ಅದಕ್ಕೂ ಹೆಚ್ಚಾದರೆ 180 ದಿನ. ಈ ದಿನಗಳಲ್ಲಿ ಸ್ಪಾರಿಂಗ್ (ಅಭ್ಯಾಸದ ಹೊಡೆದಾಟ) ಕೂಡ ನಿಷಿದ್ಧ. ಊರಿನ ಜಿಮ್‌ಗಳಲ್ಲಿ ಮುರಿಯುವುದು ಈ ನಿಯಮವನ್ನೇ. ತಲೆನೋವು, ವಾಕರಿಕೆ, ಬೆಳಕು ಸಹಿಸದಿರುವುದು ಇದ್ದರೆ ದಿನ ಮುಗಿದರೂ ರಿಂಗ್‌ಗೆ ಬಿಡಬೇಡಿ.

ವಿಶ್ವ ಚಾಂಪಿಯನ್‌ಷಿಪ್ ಎಂಬ ಹೆಸರಿನಲ್ಲಿ ಎರಡೆರಡು ಕೂಟ ನಡೆಯುತ್ತಿವೆ. ಯಾವುದು ನಿಜ?
— ಕನ್ನಡಿಗರು, ದುಬೈ

1946ರಲ್ಲಿ ಹುಟ್ಟಿದ ಎಐಬಿಎ ಎಂಬ ಹವ್ಯಾಸಿ ಬಾಕ್ಸಿಂಗ್ ಸಂಸ್ಥೆ 1974ರಲ್ಲಿ ಕ್ಯೂಬಾದ ಹವಾನಾದಲ್ಲಿ ಪುರುಷರ ಮೊದಲ ವಿಶ್ವ ಕೂಟವನ್ನೂ, 2001ರಲ್ಲಿ ಅಮೆರಿಕದ ಸ್ಕ್ರಾಂಟನ್‌ನಲ್ಲಿ ಮಹಿಳೆಯರ ಮೊದಲ ಕೂಟವನ್ನೂ ನಡೆಸಿತು. ಅದೇ ಸಂಸ್ಥೆ ಮುಂದೆ ಐಬಿಎ ಆಯಿತು. ಹಣಕಾಸು, ಆಡಳಿತ, ತೀರ್ಪಿನ ದೂರುಗಳ ಮೇಲೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2019ರಲ್ಲಿ ಅದರ ಮಾನ್ಯತೆ ಅಮಾನತು ಮಾಡಿ, 2023ರಲ್ಲಿ ಪೂರ್ತಿ ಕಿತ್ತುಹಾಕಿತು. 2023ರಲ್ಲೇ ಹುಟ್ಟಿದ ‘ವರ್ಲ್ಡ್ ಬಾಕ್ಸಿಂಗ್’ಗೆ 2025ರ ಫೆಬ್ರುವರಿಯಲ್ಲಿ ತಾತ್ಕಾಲಿಕ ಮಾನ್ಯತೆ ಸಿಕ್ಕಿತು. ಲಿವರ್‌ಪೂಲ್ ಅದರ ಮೊದಲ ವಿಶ್ವ ಕೂಟ, ಭಾರತ ಅದರ ಸದಸ್ಯ. ಐಬಿಎ ತನ್ನ ಕೂಟಗಳನ್ನು ನಿಲ್ಲಿಸಿಲ್ಲ, ನಿಮ್ಮೂರು ದುಬೈಯಲ್ಲೇ 2025ರ ಡಿಸೆಂಬರ್‌ನಲ್ಲಿ ಪುರುಷರದ್ದು ನಡೆಸಿತು, ದೊಡ್ಡ ಬಹುಮಾನವನ್ನೂ ಕೊಡುತ್ತದೆ. ಒಲಿಂಪಿಕ್ಸ್‌ಗೆ ಹೋಗುವ ದಾರಿ ಮಾತ್ರ ವರ್ಲ್ಡ್ ಬಾಕ್ಸಿಂಗ್ ಮೂಲಕ. ಹಳೆಯ ಕೂಟಗಳಲ್ಲಿ ಗೆದ್ದವರ ಪದಕಗಳು ಇದರಿಂದ ಮಾಸುವುದಿಲ್ಲ.

ಮಹಿಳೆಯರಿಗೆ ಜೀನ್ ಪರೀಕ್ಷೆ ಎಂದರೇನು?
— ವೈದ್ಯಕೀಯ ವಿದ್ಯಾರ್ಥಿನಿ, ಕಲಬುರಗಿ

ಎಸ್‌ಆರ್‌ವೈ ಎಂಬ ಜೀನ್ ಸಾಮಾನ್ಯವಾಗಿ ಗಂಡಸರಲ್ಲಿರುವ ವೈ ಕ್ರೋಮೋಸೋಮಿನಲ್ಲಿರುತ್ತದೆ. ಅದು ಇದೆಯೇ ಎಂದು ಕೆನ್ನೆಯ ಒಳಬದಿಯ ಒರೆಸು, ಜೊಲ್ಲು ಅಥವಾ ರಕ್ತದ ಮಾದರಿಯಿಂದ ಪಿಸಿಆರ್ ವಿಧಾನದಲ್ಲಿ ನೋಡುತ್ತಾರೆ. ಜೀವಮಾನದಲ್ಲಿ ಒಮ್ಮೆ ಸಾಕು. 2025ರಲ್ಲಿ ವರ್ಲ್ಡ್ ಬಾಕ್ಸಿಂಗ್ ಮಹಿಳೆಯರ ವಿಭಾಗದಲ್ಲಿ ಆಡುವವರಿಗೆ ಇದನ್ನು ಕಡ್ಡಾಯ ಮಾಡಿತು. ಫಲಿತಾಂಶ ಸಮಯಕ್ಕೆ ಬರದೆ ಫ್ರಾನ್ಸ್‌ನ ಮಹಿಳಾ ತಂಡ ಲಿವರ್‌ಪೂಲ್‌ನಲ್ಲಿ ಆಡಲಾಗಲಿಲ್ಲ. ಪಂಚ್‌ನ ಬಲ ಸುರಕ್ಷತೆಯ ಪ್ರಶ್ನೆ, ನಿಜ. ಆದರೆ ಫಲಿತಾಂಶ ವಯಸ್ಸಿಗೆ ಬಂದ ಹುಡುಗಿಯ ಬದುಕಿನ ಪ್ರಶ್ನೆಯೂ ಹೌದು. ಅದನ್ನು ಗುಟ್ಟಾಗಿಡುವುದು, ತಜ್ಞರ ಸಲಹೆ ಕೊಡಿಸುವುದು ಸಂಘಟಕರ ಹೊಣೆ.

ಹಲ್ಲಿಗೆ ಹಾಕುವ ಗಾರ್ಡ್ ಕೆಂಪು ಬಣ್ಣದ್ದು ಕೊಂಡೆ. ತಂಡದ ಬಣ್ಣವೇ ಕೆಂಪು. ಕೋಚ್ ಬೇಡ ಎಂದರು. ಯಾಕೆ?
— ಹತ್ತನೇ ತರಗತಿ ವಿದ್ಯಾರ್ಥಿ, ಬೆಳಗಾವಿ

ನಿಮ್ಮ ಕೋಚ್ ಸರಿ. ಕೆಂಪಿನ ಮೇಲೆ ರಕ್ತ ಕಾಣುವುದಿಲ್ಲ. ಬಾಯಿ ಒಡೆದಿದ್ದರೆ ರೆಫ್ರಿಗೆ ಗೊತ್ತಾಗಬೇಕು, ಆದ್ದರಿಂದ ಸ್ವಲ್ಪ ಕೆಂಪು ಇದ್ದರೂ ಸ್ಪರ್ಧೆಯಲ್ಲಿ ಬಿಡುವುದಿಲ್ಲ. ಬಿಳಿ ಅಥವಾ ಬಣ್ಣವಿಲ್ಲದ್ದು ಕೊಳ್ಳಿ. ಬಿಸಿನೀರಿನಲ್ಲಿ ಮೆತ್ತಗಾಗುವ ಬಗೆಯದ್ದಾದರೆ ಪೊಟ್ಟಣದಲ್ಲಿ ಹೇಳಿದಷ್ಟೇ ಹೊತ್ತು ಅದ್ದಿ. ಹೆಚ್ಚು ಹೊತ್ತು ಬಿಟ್ಟರೆ ಕಚ್ಚಿದಾಗ ತೆಳ್ಳಗಾಗಿ ಹಲ್ಲಿನ ಕೆಳಗೆ ರಕ್ಷಣೆಯೇ ಉಳಿಯುವುದಿಲ್ಲ. ಮೇಲಿನ ಹಲ್ಲಿಗೆ ಕೂರಿಸಿ, ಕಚ್ಚಿ, ತುಟಿ ಮುಚ್ಚಿ ಒಳಗಿನ ಗಾಳಿ ಹೀರಿ, ನಾಲಗೆಯಿಂದ ಅಂಗುಳಿನ ಕಡೆಗೆ ಒತ್ತಿ, ಹೊರಗಿನಿಂದ ಬೆರಳಲ್ಲಿ ತುಟಿಯ ಮೇಲೆ ಒತ್ತಿ. ತಣ್ಣೀರಿಗೆ ಹಾಕಿ ತೆಗೆದು ಮತ್ತೆ ಹಾಕಿಕೊಳ್ಳಿ. ಬಾಯಿ ಪೂರ್ತಿ ತೆರೆದರೂ ಅದು ಬೀಳಬಾರದು. ಬಿದ್ದರೆ ಮತ್ತೊಮ್ಮೆ ಮಾಡಿ. ಹಲ್ಲಿಗೆ ತಂತಿ ಕಟ್ಟಿಸಿದ್ದರೆ ಅಂಗಡಿಯದ್ದು ಆಗದು, ದಂತವೈದ್ಯರ ಬಳಿ ಅಚ್ಚು ಕೊಟ್ಟು ಮಾಡಿಸಬೇಕು.